ಬಸ್ಸಿನ ಮೊದಲ ಮೆಟ್ಟಿಲು

ಎಣ್ಣೆ, ಅರಿಶಿನ, ಮಜ್ಜಿಗೆ ಕಲಸಿದ ಕೆಂಪು ಮಣ್ಣಿನ ವಾಸನೆ ನಿಮಗೆ ಗೊತ್ತೇ? ನಾನು ಚಿಕ್ಕವಳಿದ್ದಾಗ ಬಸವಕಲ್ಯಾಣದ ನಮ್ಮ ಮನೆಯ ಹಿಂದೆ ಒಂದು ತಾಲೀಮು, ಅಂದರೆ ಕುಸ್ತಿಯ ಗರಡಿಮನೆ, ಇತ್ತು. ಓಣಿಯ ಹುಡುಗರು ಬೆಳಗಾದರೆ ಅಲ್ಲಿ ಕಸರತ್ತು ಮಾಡುತ್ತಿದ್ದರು. ಮಳೆ ಬಿದ್ದ ದಿನ ಆ ಮಣ್ಣಿನ ವಾಸನೆ ನಮ್ಮ ಅಡುಗೆಮನೆಯವರೆಗೂ ಬರುತ್ತಿತ್ತು. ನಾನು ಕಿಂಡಿಯಿಂದ ಇಣುಕಿದರೆ ಅವ್ವ ಜಡೆ ಹಿಡಿದು ಎಳೆಯುತ್ತಿದ್ದಳು.

"ಹೆಣ್ಣುಮಕ್ಕಳಿಗೆ ಯಾಕ ಬೇಕಬೇ ಕಸರತ್ತು? ಕಸ ಹೊಡಿ, ಅದ ಕಸರತ್ತು."

ಆ ಮಾತನ್ನು ಅರವತ್ತು ವರ್ಷ ನಂಬಿದೆ.

ನನ್ನ ಹೆಸರು ಅನುರಾಧಾ. ಈಗ ಅರವತ್ತೊಂಬತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದೆ. ಮದುವೆಯಾಗಲಿಲ್ಲ. ತಮ್ಮನ ಮಗ ಬಸವಕಿರಣ, ಅವನ ಹೆಂಡತಿ ಸಪ್ನಾ, ಇವರ ಜೊತೆ ಇದ್ದೇನೆ. ಇಬ್ಬರೂ ಒಳ್ಳೆಯವರು. ನಾನು ನೀರಿನ ಕೊಡಕ್ಕೆ ಕೈ ಹಾಕಿದರೆ ಸಪ್ನಾ ಓಡಿ ಬಂದು ಕಸಿದುಕೊಳ್ಳುತ್ತಿದ್ದಳು. "ಅತ್ತಿ, ನೀವ ಕೂಡ್ರಿ." ತಟ್ಟೆ ನಾನು ಕೂತಲ್ಲಿಗೇ ಬರುತ್ತಿತ್ತು, ನೀರೂ ಬರುತ್ತಿತ್ತು. ಇಂಥ ಸೊಸೆ ಎಷ್ಟು ಜನರಿಗೆ ಸಿಗುತ್ತಾಳೆ ಎಂದು ನಾನೂ ಕೂತೆ. ನಿವೃತ್ತಿಯಾದ ಮೇಲೆ ಒಂಬತ್ತು ವರ್ಷ ಹಾಗೇ ಕೂತೆ.

ನನ್ನ ಗೆಳತಿ ಮಾಣಿಕಮ್ಮ ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿದ್ದಾಳೆ. ಕಾಲೇಜಿನ ದಿನಗಳಲ್ಲಿ ನಾವಿಬ್ಬರೂ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೆವು. ತಿಂಗಳಿಗೊಮ್ಮೆ ಬಸ್ ಹತ್ತಿ ಅವಳ ಮನೆಗೆ ಹೋಗುವುದು, ಇಡೀ ದಿನ ಹರಟುವುದು, ಸಂಜೆಯ ಬಸ್ಸಿಗೆ ಮರಳುವುದು. ನನ್ನ ಬದುಕಿನಲ್ಲಿ ಸುಖ ಅಂತ ಇದ್ದದ್ದು ಇದೊಂದೇ.

ಎರಡು ವರ್ಷದ ಹಿಂದೆ ಒಂದು ದಿನ ಬಸ್ ನಿಲ್ದಾಣದಲ್ಲಿ ಕಂಬಿ ಹಿಡಿದೆ, ಕಾಲು ಮೆಟ್ಟಿಲ ಮೇಲಿಟ್ಟೆ. ಮೈ ಮೇಲೇಳಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದೆ. ಆಗಲಿಲ್ಲ. ಹಿಂದಿನಿಂದ ಜನ ಒತ್ತಿದರು.

"ಅಜ್ಜಿನ್ನ ಹಿಂದಿನಿಂದ ಎತ್ತಿ ಒಗೀರಿ, ಚೀಲ ಒಗದಂಗ," ಎಂದ ಒಬ್ಬ.

"ಟಿಕೀಟ ಪುಕ್ಕಟ ಆದದ್ದ ಆತು, ಮುದುಕ್ಯಾರಿಗೆಲ್ಲಾ ಊರ ತಿರಗೋ ಹುಚ್ಚು," ಎಂದ ಇನ್ನೊಬ್ಬ.

ನಾನು ಕಾಲು ಕೆಳಗಿಟ್ಟೆ. ಬಸ್ ಹೋಯಿತು. ನೂಕಾಟದಲ್ಲಿ ಒಂದು ಚಪ್ಪಲಿ ದೂರ ಬಿದ್ದಿತ್ತು. ಯಾರೋ ಹೆಣ್ಣುಮಗಳು, ಬಗಲಲ್ಲಿ ಕೂಸಿದ್ದವಳು, ಅದನ್ನು ತಂದು ನನ್ನ ಕಾಲ ಬಳಿ ಇಟ್ಟಳು. ಅವಳ ಹೆಸರನ್ನೂ ಕೇಳಲಿಲ್ಲವಲ್ಲ ಎಂದು ಈಗಲೂ ಅನ್ನಿಸುತ್ತದೆ.

ಆಮೇಲೆ ಒಂದು ಸಲ ಬಸವಕಿರಣ ಕಾರಿನಲ್ಲಿ ಕರೆದುಕೊಂಡು ಹೋದ. ಅರ್ಧ ಗಂಟೆ ಬಾಗಿಲಲ್ಲೇ ನಿಂತು ಕೈಗಡಿಯಾರ ನೋಡಿದ. ಪಾಪ, ಅಂಗಡಿ ಬಿಟ್ಟು ಬಂದಿದ್ದ. ಮತ್ತೆ ಕೇಳಲು ನನಗೆ ಬಾಯಿ ಬರಲಿಲ್ಲ. ಮಾಣಿಕಮ್ಮನೂ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಮಂಚ ಬಿಟ್ಟು ಹೆಚ್ಚು ಏಳುತ್ತಿರಲಿಲ್ಲ. ಉಳಿದದ್ದು ಫೋನು. ಮೊದಮೊದಲು ಗಂಟೆಗಟ್ಟಲೆ ಮಾತಾಡಿದೆವು. ಹೊರಗೆ ಹೋಗದವರ ಹತ್ತಿರ ಹೇಳಲು ಏನಿರುತ್ತದೆ?

"ಊಟ ಆತೇನು?"

"ಆತು. ನಿಂದು?"

"ಆತು."

ಕೊನೆಗೆ ಇಷ್ಟಕ್ಕೆ ಬಂದು ನಿಂತಿತು.

ಹೀಗಿರುವಾಗ ನಮ್ಮ ಓಣಿಯ ಆಶಾ ಕಾರ್ಯಕರ್ತೆ ಸೈಮಾ ಒಂದು ಮಧ್ಯಾಹ್ನ ಮನೆಗೆ ಬಂದಳು. ಅವಳು ನನ್ನ ವಿದ್ಯಾರ್ಥಿನಿ.

"ಟೀಚರ್, ಈಗ ಪ್ಯಾಟ್ಯಾಗ ಕಾಣಂಗೇ ಇಲ್ಲಲ್ರಿ?"

"ಮೊಣಕಾಲು ಸವದಾವಮ್ಮ. ಗಾಡಿ ಗಾಲಿ ಇದ್ದಂಗ ಇವು, ತಿರುಗಿದಷ್ಟು ಸವಿತಾವ. ಉಳದದ್ದರ ಜ್ವಾಕಿ ಮಾಡಾಕತ್ತೇನಿ."

"ಕೈ ಹಚ್ಚದ ಕುರ್ಚಿ ಬಿಟ್ಟು ಏಳ್ರಿ, ನೋಡೋಣು."

ಎರಡು ಸಲ ನೋಡಿದೆ. ಏಳಲಾಗಲಿಲ್ಲ.

ಸೈಮಾ ನಗಲಿಲ್ಲ. "ಟೀಚರ್, ಬಳಸದ ಸ್ನಾಯು ಕ್ಷೀಣ ಆಗ್ತದ ಅಂತ ನಮಗ ನೀವ ಕಲಿಸೀರಿ. ನಾ ಪರೀಕ್ಷಾದಾಗ ಹಂಗ ಬರದಿದ್ದೆ. ಐದಕ್ಕ ಮೂರು ಮಾರ್ಕ್ಸ್ ಕೊಟ್ಟಿದ್ರಿ."

"ಅಕ್ಷರ ಛಲೋ ಇರಲಿಲ್ಲ," ಎಂದೆ. ಬಹಳ ದಿನಗಳ ಮೇಲೆ ನನಗೆ ನಗು ಬಂತು.

"ಗಾಲಿ ಬಳಸಿದ್ರ ಸವಿತದ. ಸ್ನಾಯು ಬಳಸಿದ್ರ ಬಲಿತದ. ಎರಡೂ ಒಂದಲ್ರಿ. ಮೊಣಕಾಲಿನ ಭಾರ ಹೊರೋದು ತೊಡಿ. ತೊಡ್ಯಾಗ ತಾಕತ್ತು ಇಲ್ಲಂದ್ರ ಮೊಣಕಾಲು ಒಂದ ಏನ ಮಾಡೀತು?"

ಊಟಕ್ಕೆ ಬಂದಿದ್ದ ಬಸವಕಿರಣ ಇದನ್ನು ಕೇಳಿಸಿಕೊಂಡ. "ಅತ್ತಿ ಈಗ ಪೈಲ್ವಾನಕಿ ಆಗ್ತಾಳೇನು? ಒಂದು ಗದಾ ತರಲೇನ ಅತ್ತಿ?" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, "ಸೈಮಾ, ಬಿದ್ದು ಸೊಂಟಾ ಮುರಕೊಂಡ್ರ ಏನು ಮಾಡೋದು? ಸುಮ್ಮ ಕೂತರ ಏನು ತ್ರಾಸ ಅದ?" ಎಂದ.

"ಅಣ್ಣಾ, ಕೂತು ಕೂತು ಕಾಲಾಗಿನ ಬಲ ಹೋದವರ ಬೀಳೋದು ಜಾಸ್ತಿ. ಎಪ್ಪತ್ತರಾಗ ಶುರು ಮಾಡಿದ್ರೂ ಮೈ ಬಲಿತದ. ಜರಾ ನಿಧಾನ, ಅಷ್ಟ. ಮೊದಲ ಡಾಕ್ಟರಿಗೆ ತೋರಸೋಣು. ಬಿ.ಪಿ., ಎದಿ, ಮೊಣಕಾಲು ನೋಡಿ ಅವರು ಹ್ಞೂಂ ಅಂದ ಮ್ಯಾಲ ಶುರು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸಪ್ನಾಳ ಮುಖ ಸಣ್ಣದಾಗಿತ್ತು. "ಹಂಗಾರ ನಾ ಇಷ್ಟ ದಿನ ಮಾಡಿದ್ದೆಲ್ಲಾ ತಪ್ಪೇನ್ರಿ?"

"ತಪ್ಪಲ್ಲ ಅಕ್ಕಾ. ಇನ್ನ ಮ್ಯಾಲ ಕೊಡ ಕಸಗೋಬ್ಯಾಡ್ರಿ. ಅರ್ಧಾ ನೀರು ಚೆಲ್ಲಿ ಅವರ ಕೈಯಾಗ ಕೊಡ್ರಿ."

ಡಾಕ್ಟರು ಒಪ್ಪಿದರು. ಮರುದಿನ ಸೈಮಾ ಒಂದು ದಾರ ತಂದಳು. ಬಸ್ ನಿಲ್ದಾಣಕ್ಕೆ ಹೋಗಿ, ನಿಂತ ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಎಷ್ಟು ಎತ್ತರ ಇದೆ ಎಂದು ಅಳೆದು ಗಂಟು ಹಾಕಿದ್ದಳು. ಕಂಡಕ್ಟರ್ ಕೇಳಿದನಂತೆ, "ಏನವಾ, ಬಸ್ಸಿಗೆ ಅಂಗಿ ಹೊಲಸ್ತೀಯೇನು?" ಯಾರೂ ಹೇಳದೆ, ಬಿಸಿಲಲ್ಲಿ ಹೋಗಿ ಅಳೆದು ಬಂದಿದ್ದಳು. ಹಿತ್ತಲ ಕಟ್ಟೆಗೆ ದಾರ ಹಿಡಿದಳು. ಕಟ್ಟೆ ಎರಡು ಬೆರಳು ಕಡಿಮೆ ಇತ್ತು, ಅಷ್ಟೇ.

"ಈ ಕಟ್ಟಿ ಹತ್ತಿದ್ರಿ ಅಂದ್ರ ಮಾಣಿಕನಗರ ಮುಟ್ಟಿದಂಗ," ಎಂದಳು.

ಕಸರತ್ತು ಬಹಳ ಸರಳ. ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿ ಇಡಬೇಕು. ಅದರಿಂದ ಏಳಬೇಕು, ನಿಧಾನವಾಗಿ ಕೂರಬೇಕು. ಮೊದಲು ಕೈ ಊರಿ ಐದು ಸಲ. ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸಬೇಕು. ನೀರು ತುಂಬಿದ ಸಣ್ಣ ಬಾಟಲಿಗಳನ್ನು ಕೈಯಲ್ಲಿ ಹಿಡಿದು ಮಡಚಿ ಬಿಡಿಸಬೇಕು. ಪಕ್ಕದಲ್ಲಿ ಗೋಡೆ ಹಿಡಿದು ಗಿಡ್ಡ ಹೊಸ್ತಿಲು ಹತ್ತಿ ಇಳಿಯಬೇಕು. ವಾರಕ್ಕೆ ಮೂರು ದಿನ. ನಡುವೆ ಒಂದು ದಿನ ಬಿಡುವು, ಏಕೆಂದರೆ ಸ್ನಾಯು ಬಲಿಯುವುದು ವಿಶ್ರಾಂತಿಯಲ್ಲಿ. ಉಸಿರು ಕಟ್ಟಬಾರದು. ಎದೆ ನೋವು, ತಲೆ ಸುತ್ತು, ಕೀಲಿನಲ್ಲಿ ಚುಚ್ಚುವ ನೋವು ಬಂದರೆ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು. ಊಟದಲ್ಲಿ ಬೇಳೆ, ಮೊಳಕೆ ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ ದಿನವೂ ಇರಬೇಕು. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ ತಿನ್ನಬೇಕು.

ಸರಳ ಎಂದೆ, ಸುಲಭ ಎನ್ನಲಿಲ್ಲ. ಮೊದಲ ವಾರ ತೊಡೆ ಹಿಡಿದುಕೊಂಡವು. ಎರಡನೇ ವಾರ ಏನೂ ಬದಲಾಗಲಿಲ್ಲ. ಮಧ್ಯಾಹ್ನದ ಸದ್ದಿಲ್ಲದ ಮನೆಯಲ್ಲಿ ಒಬ್ಬಳೇ ಎದ್ದು ಕೂತು ಮಾಡುವಾಗ, ನಾನು ಯಾರಿಗಾಗಿ ಇದನ್ನು ಮಾಡುತ್ತಿದ್ದೇನೆ ಎಂದು ಅನ್ನಿಸುತ್ತಿತ್ತು. ಮೂರನೇ ವಾರ ಬಿಟ್ಟುಬಿಟ್ಟೆ.

ಶುರು ಮಾಡಿದ್ದನ್ನು ಮಾಣಿಕಮ್ಮನಿಗೆ ಹೇಳಿದ್ದೆ. ಆ ವಾರ ಅವಳು ಫೋನಿನಲ್ಲಿ ಕೇಳಿದಳು, "ಕಸರತ್ತು ನಡದದೇನು?"

"ಬಿಟ್ಟೆ. ಫರಕ ಏನೂ ಕಾಣಲಿಲ್ಲ."

ಅವಳು ನಿಧಾನವಾಗಿ, "ನಾ ನಿನ್ನ ಹಾದಿ ನೋಡಾಕತ್ತಿದ್ನೆಲ್ಲ ಅನೂ," ಎಂದಳು.

ನಾನು ಗೋಡೆಗೆ ಆನಿಸಿದ್ದ ಕುರ್ಚಿಯ ಕಡೆ ನೋಡಿದೆ.

"ಸ್ಪೀಕರ್ ಹಚ್ಚಿ ಫೋನ್ ಅಲ್ಲೇ ಇಡು. ನಾ ಎಣಸ್ತೀನಿ, ನೀ ಏಳು. ಹ್ಞೂಂ, ಒಂದು..."

ಅಂದಿನಿಂದ ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಏಳಕ್ಕೆ ಅವಳ ದನಿ ಬರುತ್ತಿತ್ತು. ಒಂದು, ಎರಡು, ಮೂರು. ಎಣಿಕೆ ಮುಗಿದು ಫೋನಿಟ್ಟ ಮೇಲೆ ನನ್ನ ಕೋಣೆ ಮತ್ತೆ ಮೊದಲಿನಂತೆ ಸುಮ್ಮನಾಗುತ್ತಿತ್ತು. ಆದರೆ ನಾಡಿದ್ದು ಮತ್ತೆ ಏಳು ಗಂಟೆ ಇದೆಯಲ್ಲ ಎಂಬುದೊಂದು ಇರುತ್ತಿತ್ತು.

ಒಂದು ದಿನ ಅವಳ ಎಣಿಕೆ ತಡವರಿಸಿತು. ಏದುಸಿರು ಕೇಳಿಸಿತು.

"ಯಾಕ ತೇಕಾಕತ್ತೀ? ಮೈಯಾಗ ಆರಾಮ ಇಲ್ಲೇನು?"

"ನಾನೂ ಏಳಾಕತ್ತೇನಿ. ನೀ ಒಬ್ಬಾಕೀನ ಪೈಲ್ವಾನಕಿ ಆಗಬೇಕೇನಬೇ?"

ಬೈದೆ. ಮೊದಲು ಡಾಕ್ಟರಿಗೆ ತೋರಿಸಿಕೊಂಡು ಬಾ ಎಂದು ಎರಡು ವಾರ ನಿಲ್ಲಿಸಿದೆ. ಅವರು ಸರಿ ಎಂದ ಮೇಲೆ ಅವಳಿಗೆ ನಾನು ಎಣಿಸಿದೆ.

ಸೈಮಾ ತಿಂಗಳಿಗೊಮ್ಮೆ ಅರ್ಧ ನಿಮಿಷ ಗಡಿಯಾರ ಹಿಡಿದು ನನ್ನನ್ನು ಏಳಿಸಿ ಕೂರಿಸುತ್ತಿದ್ದಳು. ಮೊದಲ ದಿನ ಕೈ ಊರಿದರೂ ನಾಲ್ಕು ಸಲ. ಎರಡನೇ ತಿಂಗಳ ಕೊನೆಗೆ ಕೈ ಊರದೆ ಏಳು ಸಲ. ನಾಲ್ಕನೇ ತಿಂಗಳು ಹನ್ನೊಂದು. ಕನ್ನಡಿಯಲ್ಲಿ ನನ್ನ ಕಾಲು ಮೊದಲಿನಂತೆಯೇ ಕಾಣುತ್ತಿತ್ತು. ಬದಲಾವಣೆ ಕಂಡದ್ದು ಬೇರೆ ಕಡೆ. ರಾತ್ರಿ ಎದ್ದಾಗ ಗೋಡೆ ತಡಕುವುದು ನಿಂತಿತ್ತು. ಕೊಡದಲ್ಲಿ ನೀರು ಮುಕ್ಕಾಲಿಗೆ ಬಂದಿತ್ತು. ಹತ್ತಿ ಇಳಿಯಲು ಮೊದಲು ಹೊಸ್ತಿಲಾಯಿತು, ಆಮೇಲೆ ಒಗೆಯುವ ಕಲ್ಲಾಯಿತು. ಐದನೇ ತಿಂಗಳು ಕಟ್ಟೆ ಹತ್ತಿದೆ. ಸಪ್ನಾ ಕೈ ಒರೆಸಿಕೊಳ್ಳುವುದನ್ನು ಮರೆತು ನೋಡುತ್ತ ನಿಂತಳು.

ಹೊರಟ ದಿನ ಬಸವಕಿರಣ ನಿಲ್ದಾಣಕ್ಕೆ ಬಂದ. ಬಸ್ಸು ಒಂದು ತಗ್ಗಿನ ಪಕ್ಕ ನಿಂತಿತು. ನಾನು ತಗ್ಗಿನಲ್ಲಿ ನಿಂತಿದ್ದರಿಂದ ಮೆಟ್ಟಿಲು ಸೈಮಾಳ ದಾರಕ್ಕಿಂತ ಎತ್ತರವಾಗಿತ್ತು. ಹಿಂದೆ ಜನ ಇದ್ದರು. ಬಸವಕಿರಣನ ಕೈ ನನ್ನ ರಟ್ಟೆಯವರೆಗೆ ಬಂತು. ಏನು ತಿಳಿಯಿತೋ, ಕೈಯನ್ನು ಕಿಸೆಯಲ್ಲಿಟ್ಟುಕೊಂಡ. ನಾನು ಕಂಬಿ ಹಿಡಿದೆ, ಮುಂದೆ ಬಾಗಿದೆ, ತೊಡೆಗೆ ಭಾರ ಕೊಟ್ಟೆ. ಮೈ ಮೇಲೆದ್ದಿತು.

ಒಳಗೆ ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರ ಹಾಗೆ ನಾನೂ ಒಬ್ಬಳು. ಕಿಟಕಿಯ ಪಕ್ಕ ಕೂತು ಕಣ್ಣು ಒರೆಸಿಕೊಂಡೆ. ಕೆಳಗಿನಿಂದ ಬಸವಕಿರಣ ಕೂಗಿದ, "ಅತ್ತಿ, ಹಳ್ಳ್ಯಾಗಿನ ನಮ್ಮವ್ವಗೂ ಕಲಿಸಬೇಕ್ರಿ ಇದನ್ನ!"

ಇದನ್ನು ಓದುತ್ತಿರುವ ಅಕ್ಕ, ತಂಗಿ, ನಿಮ್ಮನ್ನೂ ಯಾರೋ ಪ್ರೀತಿಯಿಂದ ಕೂಡಿಸಿರಬಹುದು. ಅವರ ಪ್ರೀತಿ ಇಟ್ಟುಕೊಳ್ಳಿ, ಕುರ್ಚಿಯಿಂದ ಮಾತ್ರ ಏಳಿ. ಡಾಕ್ಟರಿಗೆ ತೋರಿಸಿ, ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ನಾಳೆಯೇ ಐದು ಸಲ ಶುರು ಮಾಡಿ. ಮೂರನೇ ವಾರ ಬಿಡಬೇಕು ಅನ್ನಿಸುತ್ತದೆ, ಆಗ ಬಿಡಬೇಡಿ. ಎಣಿಸಲು ಒಬ್ಬರನ್ನು ಹುಡುಕಿಕೊಳ್ಳಿ. ಯಾರೂ ಇಲ್ಲದಿದ್ದರೆ, ನಿಮ್ಮ ಹಾಗೆ ಒಬ್ಬಳೇ ಕೂತಿರುವ ಇನ್ನೊಬ್ಬಳು ಎಲ್ಲೋ ಇದ್ದಾಳೆ. ಅವಳಿಗೆ ಫೋನು ಹಚ್ಚಿ.

ಮಾಣಿಕನಗರ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಮಾಣಿಕಮ್ಮ ಬಾಗಿಲಿಗೆ ಎದುರಾಗಿ ಕುರ್ಚಿಯಲ್ಲಿ ಕೂತಿದ್ದಳು. ತುಂಬಾ ಬಡವಾಗಿದ್ದಳು, ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನನ್ನು ಕಂಡು ಅವಳು ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಎದ್ದಳು. ಒಳಗೆ ಹೋದಳು. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಬೇಳೆ ಬಡಿಸಿದ ತಟ್ಟೆಯನ್ನು ತಾನೇ ಹಿಡಿದು ನಡೆದು ಬಂದು ನನ್ನ ಕೈಗೆ ಕೊಟ್ಟಳು.