ಖಾಲಿ ಬೋರ್ಡನ್ನು ಒರೆಸಿದ ಹುಡುಗಿ

ನಾನು ಒಂದು ಡಸ್ಟರ್. ಹುಣಸೂರಿನ ಮರದ ಡಿಪೋ ಪಕ್ಕದಲ್ಲಿ, ಬಾಗಿಲು ಮಾಡಿ ಮಿಕ್ಕ ತೇಗದ ತುಂಡಿನಿಂದ ಬಸವಾಚಾರಿ ಎಂಬ ಬಡಗಿ ನನ್ನನ್ನು ಮಾಡಿದ. ಹೊಟ್ಟೆಗೆ ಕಂಬಳಿಯ ಪಟ್ಟಿ ಅಂಟಿಸಿದ. ತೇಗದ ಜಾತಿ ಎಂಬ ಜಂಬ ನನಗೆ ಈಗಲೂ ಉಂಟು.

ಮೊದಲು ಒಂದು ಪ್ರೈಮರಿ ಶಾಲೆಗೆ ಹೋದೆ. ಅಲ್ಲಿನ ಮೇಷ್ಟ್ರು ನನ್ನಿಂದ ಬೋರ್ಡು ಒರೆಸಿದ್ದಕ್ಕಿಂತ ಮೇಜು ಕುಟ್ಟಿದ್ದೇ ಹೆಚ್ಚು. ಶಾಲೆಗೆ ಹೊಸ ಡಸ್ಟರುಗಳು ಬಂದಾಗ ಅವರು ನನ್ನನ್ನು ತಮ್ಮನಿಗೆ ಕೊಟ್ಟುಬಿಟ್ಟರು. ಆ ತಮ್ಮನೇ ನಮ್ಮ ಸಾಹೇಬರು ನಂಜರಾಜಯ್ಯ, ಡಿಗ್ರಿ ಕಾಲೇಜಿನಲ್ಲಿ ಗಣಿತದ ಲೆಕ್ಚರರ್.

ಕೊನೆಯ ವರ್ಷದವರೆಲ್ಲ ತಾವೇ ವಿಷಯ ಆರಿಸಿಕೊಂಡು ಇಪ್ಪತ್ತು ನಿಮಿಷ ಸೆಮಿನಾರ್ ಕೊಡಬೇಕು ಎಂಬುದು ಅವರ ನಿಯಮ. ಆರಿಸುವುದೆಲ್ಲಿ ಬಂತು! ಸೀನಿಯರ್‌ಗಳ ನೋಟ್ಸು ಜೂನಿಯರ್‌ಗಳ ಕೈಗೆ ಇಳಿಯುತ್ತಿತ್ತು. ವರ್ಷ ವರ್ಷವೂ ಅದೇ ಮಾಯಾಚೌಕ, ಅದೇ ಪೈ ಕಥೆ. ಒರೆಸಿ ಒರೆಸಿ ನನಗೇ ಬಾಯಿಪಾಠವಾಗಿತ್ತು. ಸಾಹೇಬರು ಕುರ್ಚಿಯಲ್ಲಿ ತೂಕಡಿಸುತ್ತಿದ್ದರು, ಪಾಪ.

ಚಂದ್ರಕಲಾ ಎಂಬ ಹುಡುಗಿ ಮಾತ್ರ ದೊಡ್ಡದಕ್ಕೇ ಕೈಹಾಕಿದಳು. ಬೋರ್ಡಿನ ಮೇಲೆ 'ಅನಂತ' ಎಂದು ದಪ್ಪಕ್ಷರದಲ್ಲಿ ಬರೆದು, ಇಂಟರ್‌ನೆಟ್ಟಿನಿಂದ ತೆಗೆದ ಹಾಳೆಗಳನ್ನು ಓದತೊಡಗಿದಳು. ಎರಡನೇ ನಿಮಿಷಕ್ಕೆ ಸಾಹೇಬರು "ಹೌದೇನಮ್ಮ? ಯಾಕೆ ಹಾಗೆ?" ಎಂದರು. ಹುಡುಗಿ ಹಾಳೆಗಳನ್ನು ಕೆಳಗಿಟ್ಟಳು. ನನ್ನನ್ನು ಎತ್ತಿಕೊಂಡು ಬರೆದದ್ದನ್ನೆಲ್ಲ ಒರೆಸಿದಳು. ಒರೆಸಿ ಖಾಲಿಯಾದ ಮೇಲೂ ಒರೆಸುತ್ತಲೇ ಇದ್ದಳು. ಅವಳ ಬೆವರಿಗೆ ನನ್ನ ಬೆನ್ನು ಒದ್ದೆಯಾಯಿತು. ನನಗೆ ಅಳು ಬಂದಂತಾಯಿತು.

ಎಲ್ಲರೂ ಹೋದ ಮೇಲೆ ಸಾಹೇಬರು ಹೇಳಿದರು: "ಮುಂದಿನ ಶನಿವಾರ ಇನ್ನೊಂದು ಸಲ ಮಾಡು. ಅದೂ ಆಗ್ಲಿಲ್ಲ ಅಂದ್ರೆ ಇಂಟರ್ನಲ್ ಮಾರ್ಕ್ಸ್ ಕೊಡೋಕಾಗಲ್ಲ, ಪರೀಕ್ಷೆಗೆ ಕೂರೋ ಹಾಗಿಲ್ಲ. ದೊಡ್ಡ ಹೆಸರು ಬೇಡ ಕಣಮ್ಮ. ನಿಂಗೆ ನಿಜವಾಗ್ಲೂ ತಿಳ್ಕೋಬೇಕು ಅನ್ಸಿರೋದು ಏನಾದ್ರೂ ಇದ್ಯಾ?"

ಅವಳು ಕೈಗಂಟಿದ್ದ ಸೀಮೆಸುಣ್ಣದ ಪುಡಿ ಒರೆಸಿಕೊಳ್ಳುತ್ತ, "ಚೌಕಾಬಾರದಲ್ಲಿ ನಮ್ಮಜ್ಜಿನೇ ಯಾವಾಗ್ಲೂ ಗೆಲ್ತಾರೆ ಸಾರ್. ಅದ್ ಹೆಂಗೆ ಅಂತ..." ಎಂದು ನಿಲ್ಲಿಸಿದಳು.

"ಅದನ್ನೇ ತಗೊ."

ಶನಿವಾರ ಅವಳು ನಾಲ್ಕು ಕವಡೆಯೊಂದಿಗೆ ಬಂದಳು. ಕವಡೆ ಬೀಳುವ ಬಗೆ ಹದಿನಾರು. ಎರಡು ಅಂಗಾತ ಬೀಳುವ ಎರಡರ ಗರಕ್ಕೆ ಆರು ಬಗೆ, ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ; ಇವಕ್ಕೆ ಒಂದೊಂದೇ. "ಹಂಗಾಗಿ ಚೌಕ, ಬಾರ ಎರಡೂ ಸಮಸಮ," ಎಂದಳು.

"ಸುಳ್ಳು! ಬಾರ ಬೀಳೋದು ಬಲು ಅಪರೂಪ ಕಣೇ!" ಹಿಂದಿನ ಬೆಂಚಿನವರು ಕೂಗಿದರು.

"ಹಾಕೇ ನೋಡೋಣ," ಎಂದು ಸಾಹೇಬರು ಪಂಚೆ ಎತ್ತಿಕಟ್ಟಿ ನೆಲದ ಮೇಲೇ ಕೂತುಬಿಟ್ಟರು. ಸರದಿಯಂತೆ ಎಲ್ಲರೂ ಹಾಕಿದರು. ನೂರು ಗರದಲ್ಲಿ ಚೌಕ ಹದಿನೈದು, ಬಾರ ಎರಡೇ ಎರಡು.

ಚಂದ್ರಕಲಾಳ ಕೈ ನೇರವಾಗಿ ನನ್ನ ಬಳಿ ಬಂತು. ಮುಗಿಯಿತು ಅಂದುಕೊಂಡೆ. ನನ್ನನ್ನು ಬೋರ್ಡಿನ ತನಕ ಎತ್ತಿದಳು, ತಾನು ಬರೆದದ್ದನ್ನೇ ನೋಡುತ್ತ ನಿಂತಳು, ಆಮೇಲೆ ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಬಗೆ ಎಣಿಸಿದ್ದು ತಪ್ಪಿಲ್ಲ ಸಾರ್. ಕವಡೆ ಎರಡು ಮಗ್ಗುಲಿಗೂ ಒಂದೇ ಥರ ಬೀಳುತ್ತೆ ಅಂದ್ಕೊಂಡಿದ್ದೆ, ಅದು ತಪ್ಪು. ಅಜ್ಜಿಗೆ ಯಾವ ಗರ ಜಾಸ್ತಿ ಬೀಳುತ್ತೆ ಅಂತ ಗೊತ್ತು. ಅದ್ಕೇ ತಕ್ಕಂಗೆ ಕಾಯಿ ನಡೆಸ್ತಾರೆ."

ಆಮೇಲೆ ಅವಳು ಹೊಸದಾಗಿ ಲೆಕ್ಕ ಶುರುಮಾಡಿದಳು. ಇಪ್ಪತ್ತು ನಿಮಿಷ ಐವತ್ತಾಯಿತು. ಯಾರೂ ಗಂಟೆ ಕೇಳಿಸಿಕೊಳ್ಳಲಿಲ್ಲ. ಮುಂದಿನ ಪಿರಿಯಡ್ಡಿನ ಇಂಗ್ಲಿಷ್ ಮೇಡಂ ಬಂದು ನನ್ನನ್ನು ಎತ್ತಿಕೊಂಡಾಗ ಇಡೀ ಕ್ಲಾಸು ಕೂಗಿತು: "ಒರೆಸ್ಬೇಡಿ ಮೇಡಂ, ಇನ್ನೂ ಮುಗಿದಿಲ್ಲ!"

ಈಗ ಕಾಲೇಜಿಗೆ ಬಿಳಿ ಬೋರ್ಡು ಬಂದಿದೆ. ಕಂಬಳಿ ಸವೆದ ನಾನು ಬೀರುವಿನ ಮೇಲೆ ಧೂಳು ತಿನ್ನುತ್ತ ಕೂತಿದ್ದೇನೆ. ಆಯುಷ್ಯವಿಡೀ ಒರೆಸಿದವನು ನಾನು, ಅದಕ್ಕೆ ಬೇಸರವಿಲ್ಲ. ಆದರೂ ಆ ದಿನ ಮೇಡಂ ನನ್ನನ್ನು ಕೆಳಗಿಟ್ಟು, ತಾವೂ ಬೆಂಚಿನಲ್ಲಿ ಕೂತು, "ಸರಿ, ಹೇಳು ಚಂದ್ರಕಲಾ" ಎಂದರಲ್ಲ, ಅಷ್ಟು ಖುಷಿ ನನಗೆ ಮತ್ತೆಂದೂ ಆಗಲಿಲ್ಲ.