ಸುಂದರಬಾಯಿಯ ಸೀರೆಗಳು ಪೇಟೆಗೆ ಹೋದವು

ಭಾಲ್ಕಿಯ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ವೈಜಿನಾಥನಿಗೆ ಹೆಂಡತಿ ತೀರಿಕೊಂಡ ಮೇಲೆ ಮಧ್ಯಾಹ್ನಗಳು ಬಹಳ ಉದ್ದವಾದವು. ಬಿಸಿಲಿಗೆ ಗಿರಾಕಿಗಳು ಬರುತ್ತಿರಲಿಲ್ಲ. ಗಾಳಿ ಬೀಸಿದರೆ ಧೂಳಿನ ಜೊತೆ ಖಾಲಿ ಕ್ಯಾರಿಬ್ಯಾಗುಗಳು ಎದ್ದು ಅಂಗಡಿಯ ಮುಂದೆ ನಿಧಾನವಾಗಿ ತೇಲಿ ಹೋಗುತ್ತಿದ್ದವು. ಅರೆನಿದ್ದೆಯಲ್ಲಿ ಅವನ ಕಣ್ಣಿಗೆ ಅವು ಬಿಳಿ ಹಕ್ಕಿಗಳು. ಎಚ್ಚರವಾದಾಗ ನೋಡಿದರೆ ಎದುರಿನ ಜಾಲಿಗಿಡದ ಮುಳ್ಳಿಗೆ ಸಿಕ್ಕಿ ಪಟಪಟ ಹೊಡೆದುಕೊಳ್ಳುತ್ತಿದ್ದವು. ಅವುಗಳಲ್ಲಿ ಎಷ್ಟೋ ತನ್ನ ಅಂಗಡಿಯಿಂದಲೇ ಹೋದವು ಎಂದು ಅವನಿಗೆ ಗೊತ್ತಿತ್ತು.

ಸುಂದರಬಾಯಿ ಇದ್ದಾಗ ಇದೇ ವಿಷಯಕ್ಕೆ ಗಂಡ ಹೆಂಡಿರ ನಡುವೆ ಮಾತು ಬೆಳೆಯುತ್ತಿತ್ತು.

"ಹಲಬರ್ಗಾದಾಗ ನಮ್ಮ ತವರಮನಿ ಎಮ್ಮಿ ಈ ಪ್ಲಾಸ್ಟಿಕ ತಿಂದೇ ಸತ್ತದರಿ. ಇನ್ನರ ಕೊಡೋದು ಬಿಡ್ರಿ."

"ಗಿರಾಕಿ ಕೇಳ್ತಾರ. ಕೊಡ್ಲಿಲ್ಲಂದ್ರ ಬಾಜೂ ಅಂಗಡಿಗಿ ಹೋಗ್ತಾರ," ಎನ್ನುತ್ತಿದ್ದ ಅವನು.

ಅವಳ ಒಳ್ಳೆಯ ಸೀರೆಗಳನ್ನು ನೆಂಟರು ಒಯ್ದಿದ್ದರು. ಒಗೆದು ಒಗೆದು ಮೆತ್ತಗಾದ ನೂಲಿನ ಸೀರೆಗಳು ಮಾತ್ರ ಸಂದೂಕದಲ್ಲಿ ಉಳಿದಿದ್ದವು. ಒಂದು ದಿನ ಸೊಸೆ ಸಪ್ನಾ ಅವನ್ನು ಬಿಸಿಲಿಗೆ ಹಾಕುತ್ತ ಅಂದಳು: "ಮಾವಾ, ಹಿಂಗೇ ಇಟ್ರ ಹುಳ ಹಿಡೀತಾವರಿ. ಕ್ಯಾರಿಬ್ಯಾಗಿನ ಬದ್ಲಿ ಥೈಲಿ ಹೊಲಿಸಿ ಅಂಗಡ್ಯಾಗ ಕೊಡೋಣೇನ್ರಿ? ಅತ್ತಿಯವರಿಗೂ ಅದೇ ಬೇಕಿತ್ತಲ್ಲ."

ವೈಜಿನಾಥ ಎದ್ದು ಅಂಗಡಿಗೆ ನಡೆದ. ಆ ಮಧ್ಯಾಹ್ನ ಹಣದ ಗಲ್ಲೆಯ ಪಕ್ಕ ಕಣ್ಣು ಮುಚ್ಚಿದಾಗ ಸುಂದರಬಾಯಿ ಗಿರಾಕಿಯ ಹಾಗೆ ಅಂಗಡಿಯ ಮುಂದೆ ನಿಂತಿದ್ದಳು. ಬೊಗಸೆಯ ತುಂಬ ಬೆಲ್ಲ. "ಯಾತರಾಗ ಒಯ್ಯಲಿರಿ?" ಎಂದು ಕೇಳುತ್ತಿದ್ದಳು. ಅವನು ಅಂಗಡಿಯೆಲ್ಲ ಹುಡುಕಿದ. ಏನೂ ಸಿಗಲಿಲ್ಲ. ಬೆಲ್ಲ ಕರಗಿ ಅವಳ ಬೆರಳುಗಳ ಸಂದಿಯಿಂದ ಇಳಿಯತೊಡಗಿದಾಗ ಎಚ್ಚರವಾಯಿತು.

ಸಂಜೆ ಸೀರೆಗಳ ಗಂಟು ಹೊತ್ತು ಹಿಂದಿನ ಓಣಿಯ ಅಜೀಜಾ ಬೇಗಂ ಮನೆಗೆ ಹೋದ. ಅವಳು ಹೊಲಿಗೆ ಯಂತ್ರದ ಮುಂದೆ ಕುಳಿತು ಒಂದೊಂದನ್ನೇ ಬಿಡಿಸಿ ನೋಡಿದಳು. ಸುಂದರಬಾಯಿಯ ಗುರುತು ಅವಳಿಗೂ ಚೆನ್ನಾಗಿತ್ತು.

"ಭಾಯಿಸಾಬ, ಕತ್ತರಿ ಹಾಕ್ಲೇನ್ರಿ? ಒಮ್ಮಿ ಹಾಕಿದ್ರ ಇದು ಮತ್ತ ಸೀರಿ ಆಗಂಗಿಲ್ಲ ನೋಡ್ರಿ."

"ಹಾಕ್ರಿ," ಎಂದು ಅವನು ಮುಖ ತಿರುಗಿಸಿ ಬೀದಿಯ ಕಡೆ ನೋಡುತ್ತ ನಿಂತ.

ಗಿಣಿಹಸಿರು, ಅರಿಶಿನ, ನೀರುಳ್ಳಿ ಬಣ್ಣದ ಚೀಲಗಳು ಅಂಗಡಿಯ ಮುಂದಿನ ಹಗ್ಗದಲ್ಲಿ ತೂಗಾಡಿದವು. ಗಾಳಿ ಬಂದಾಗ ಒಳಗೆ ಯಾರೋ ಉಸಿರಾಡಿದಂತೆ ಉಬ್ಬುತ್ತಿದ್ದವು. "ಒಯ್ರಿ, ತಿರುಗಿ ತರ್ರಿ," ಎಂದು ಎಲ್ಲರಿಗೂ ಹೇಳಿ ಕೊಟ್ಟ. ಕ್ಯಾರಿಬ್ಯಾಗ್ ತರಿಸುವುದನ್ನು ನಿಲ್ಲಿಸಿದ.

ಒಯ್ದವರೆಲ್ಲ ಖುಷಿಯಿಂದಲೇ ಒಯ್ದರು. ತಿರುಗಿ ತಂದವರು ಕಡಿಮೆ. ದಿನ ಕಳೆದಂತೆ ಹಗ್ಗ ಬರಿದಾಯಿತು.

"ಕಾಕಾ, ಅಕ್ಕಿ ಏನು ಅಂಗ್ಯಾಗ ಕಟಗೊಂಡು ಹೋಗ್ಲೇನ್ರಿ?" ಎಂದು ಪಕ್ಕದ ಓಣಿಯ ಮಚ್ಛೇಂದ್ರ ರೇಗಿದ. ಕೆಲವರು ಬಾಜೂ ಅಂಗಡಿಗೆ ನಡೆದರು.

ಹೆಂಡತಿಯ ಮೈಮೇಲಿನ ಬಟ್ಟೆ ಕತ್ತರಿಸಿ ಕೊಟ್ಟರೆ ಜನ ಎಲ್ಲೋ ಬಿಸಾಡಿದರಲ್ಲ ಎಂದುಕೊಂಡು ವೈಜಿನಾಥ ಬರಿದಾದ ಹಗ್ಗವನ್ನು ಬಿಚ್ಚಿ ಸುತ್ತಿಟ್ಟ. ತಂಗಿಯ ಮೊಮ್ಮಗಳ ತೊಟ್ಟಿಲು ಕಾರ್ಯಕ್ಕೆ ಔರಾದಿಗೆ ಹೊರಟಾಗ ಸಪ್ನಾಗೆ ಹೇಳಿದ: "ಬಂದ ಮ್ಯಾಲ ಕ್ಯಾರಿಬ್ಯಾಗೇ ತರಸ್ತೇನಿ. ಸಾಕಾಯ್ತವ್ವ."

ಕಮಲನಗರದ ಮೇಲೆ ಹೋಗುವ ಬಸ್ಸು. ಕಿಟಕಿಯಲ್ಲಿ ತೊಗರಿ ಹೊಲಗಳು ಹಳದಿ ಹೂ ತುಂಬಿಕೊಂಡು ತೂಗುತ್ತಿದ್ದವು. ಕನ್ನಡ, ಮರಾಠಿ ಎರಡೂ ಬೆರೆತ ಮಾತುಗಳು ದೂರದ ನೀರಿನ ಸದ್ದಿನಂತೆ ಕೇಳುತ್ತಿದ್ದಾಗ ಅವನಿಗೆ ಜೋಂಪು ಹತ್ತಿತು. ಔರಾದಿನಲ್ಲಿ ಇಳಿದಾಗಲೂ ನಿದ್ದೆ ಪೂರ್ತಿ ಬಿಟ್ಟಿರಲಿಲ್ಲ. ಬಸ್‌ಸ್ಟ್ಯಾಂಡಿನ ಜನರ ನಡುವೆ ಗಿಣಿಹಸಿರು ಹೋಗುತ್ತಿತ್ತು. ಕೆಂಪು ಅಂಚಿನ ಗಿಣಿಹಸಿರು ಚೀಲ, ಯಾರದೋ ಕೈಯಲ್ಲಿ.

ಅವನು ತೊಟ್ಟಿಲು ಕಾರ್ಯವನ್ನು ಮರೆತು ಅದರ ಹಿಂದೆ ನಡೆದ. ಅದು ಹುಣಸೆಹಣ್ಣಿನ ರಾಶಿಯ ಬಳಿ ನಿಂತಿತು, ಅವನೂ ನಿಂತ. ಬಳೆ ಅಂಗಡಿಯ ಮುಂದೆ ತಿರುಗಿತು, ಅವನೂ ತಿರುಗಿದ. ಸುತ್ತಲಿನ ಗದ್ದಲ ಕೇಳಿಸಲೇ ಇಲ್ಲ. ಕೊನೆಗೆ ಚೀಲ ಹಿಡಿದಿದ್ದ ಹೆಣ್ಣುಮಗಳು ನಿಂತು ಹಿಂದೆ ನೋಡಿದಳು.

"ಯಾಕ್ರಿ ಕಾಕಾ? ಯಾರು ಬೇಕಾಗಿತ್ರಿ?"

ವೈಜಿನಾಥನಿಗೆ ನಾಚಿಕೆಯಾಯಿತು. "ಏನಿಲ್ಲ ತಾಯಿ. ಆ ಥೈಲಿ... ನನ್ನ ಹೆಂಡ್ತಿ ಸೀರಿದು. ಈಗ ಆಕಿ ಇಲ್ಲ."

ಅವಳು ವಿಶಾಖಾ, ಔರಾದಿನ ದವಾಖಾನೆಯಲ್ಲಿ ನರ್ಸು. ಚೀಲವನ್ನು ಎತ್ತಿ ತೋರಿಸಿ ಹೇಳಿದಳು: "ಭಾಲ್ಕಿದಾಗ ಇರೋ ನಮ್ಮ ಅಕ್ಕ ಕೊಟ್ಟಾಳ್ರಿ. ದಿನಾ ಇದನ್ನೇ ಒಯ್ತೇನಿ. ಹಿಡಿಕಿ ಹರಿದಿತ್ತು, ನನ್ನ ಹಳಿ ಚೂಡಿದಾರದ ತುಂಡ ಹಚ್ಚಿ ಹೊಲ್ದೇನಿ." ಹಿಡಿಕೆಯಲ್ಲಿ ನೀಲಿ ಬಟ್ಟೆಯ ಸಣ್ಣ ಹೊಲಿಗೆಗಳಿದ್ದವು. ಅವಳು ಮೆಂತೆಸೊಪ್ಪನ್ನು ತೆಗೆದು ಹೆಗಲ ಮೇಲಿನ ಓಢಣಿಗೆ ಹಾಕಿಕೊಳ್ಳತೊಡಗಿದಳು. "ತಗೋರಿ ಕಾಕಾ, ನಿಮ್ಮದದ."

"ಬ್ಯಾಡ ತಾಯಿ, ಇರ್ಲಿ. ನಿಮ್ಮ ಓಣಿ ತನಕ ನಾ ಹಿಡಕೊಂಡು ಬರ್ಲೇನು?"

ಅವಳು ಕೊಟ್ಟಳು. ಟೊಮೆಟೊ, ಸೊಪ್ಪಿನ ಭಾರ ಅವನ ಬೆರಳುಗಳನ್ನು ಎಳೆಯಿತು. ಸುಂದರಬಾಯಿಯ ಜೊತೆ ಸಂತೆಗೆ ಹೋಗಿ ಚೀಲ ಹಿಡಿದವನೇ ಅಲ್ಲ ಅವನು, ಅಂಗಡಿ ಬಿಟ್ಟು ಏಳಲು ಆಗುತ್ತಲೇ ಇರಲಿಲ್ಲ. ಈಗ ಔರಾದಿನ ಬಿಸಿಲಿನಲ್ಲಿ, ಗುರುತಿಲ್ಲದ ಓಣಿಯಲ್ಲಿ, ಸುಂದರಬಾಯಿಯ ಪಕ್ಕದಲ್ಲೇ ನಡೆದಂತೆ ಅನಿಸಿತು. ಓಣಿಯ ತುದಿಯಲ್ಲಿ ಚೀಲ ಮರಳಿಸಿ, ತಡವಾಗಿ ತೊಟ್ಟಿಲು ಕಾರ್ಯಕ್ಕೆ ಹೋಗಿ, ತಂಗಿಯ ಬೈಗುಳವನ್ನು ನಗುತ್ತ ಕೇಳಿಸಿಕೊಂಡ.

ಊರಿಗೆ ಬಂದು ಸಪ್ನಾಗೆ ಎಲ್ಲ ಹೇಳಿದ. "ಬಿಸಾಡಿಲ್ಲವ್ವ ಯಾರೂ. ಬಳಸ್ಲಿಕತ್ತಾರ. ಅದಕ್ಕೇ ತಿರುಗಿ ಬಂದಿಲ್ಲ."

ಕ್ಯಾರಿಬ್ಯಾಗ್ ತರಿಸಲಿಲ್ಲ. ಮನೆಯ ಹಳೇ ಸೀರೆ, ಧೋತರ ತಂದರೆ ಹೊಲಿಸಿ ಕೊಡುತ್ತೇನೆಂದು ಗಿರಾಕಿಗಳಿಗೆ ಹೇಳಿದ. ಅಜೀಜಾ ಬೇಗಂ ಮಧ್ಯಾಹ್ನ ಅಂಗಡಿಯ ಕಟ್ಟೆಯ ಮೇಲೆಯೇ ಯಂತ್ರ ಇಟ್ಟುಕೊಂಡಳು. ಬಾಜೂ ಅಂಗಡಿಗೆ ಹೋಗುವವರು ಹೋಗುತ್ತಲೇ ಇದ್ದರು. ಕೆಲವರು ತಿರುಗಿ ಬಂದರು.

ಮಚ್ಛೇಂದ್ರನೂ ಒಂದು ಕಂದು ಸೀರೆ ತಂದಿಟ್ಟು ಹೋದ. ಸ್ವಲ್ಪ ಹೊತ್ತಿಗೆ ಅವನ ತಾಯಿ ಅಂಜನಾಬಾಯಿ ಕೋಲೂರಿಕೊಂಡು ಬಂದಳು.

"ನಾ ಇನ್ನಾ ಬದುಕೇನಿ, ನನ್ನ ಸೀರಿ ಯಾಕ ಹರೀತೀರಿ?"

ಅಜೀಜಾ ಬೇಗಂ ನಕ್ಕು ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಮುದುಕಿ ಕುಳಿತು, ಸೀರೆಯನ್ನು ತೊಡೆಯ ಮೇಲೆ ಹರಡಿ ಕೈಯಾಡಿಸಿದಳು.

"ಇದು ಉಟಗೊಂಡೇ ನಾ ಮೊದಲ ಸಲ ಬೀದರಕ ರೈಲಿನಾಗ ಹೋಗಿದ್ದೆ. ಹರೀರಿ, ಹರೀರಿ. ಆದ್ರ ಮೊದಲ ಇದರ ಕಥಿ ಕೇಳ್ರಿ."

ಸಪ್ನಾ ಒಳಗಿನಿಂದ ಚಹಾ ತಂದಳು. ವೈಜಿನಾಥ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕುಳಿತ. ಅಂಜನಾಬಾಯಿಯ ರೈಲು ಆಗ ತಾನೇ ಭಾಲ್ಕಿ ಸ್ಟೇಷನ್ ಬಿಟ್ಟಿತ್ತು.