ಗಾಳಿ ಇಳಿಯಲಿ

ಶವಪೆಟ್ಟಿಗೆಯ ಒಂದು ತುದಿ ದೋಣಿಯ ಅಂಚಿಗೆ ತಾಗಿತ್ತು. ಇನ್ನೊಂದು ತುದಿ ಇನ್ನೂ ದಡದವರ ಹೆಗಲ ಮೇಲಿತ್ತು. ಆಗ ಮರೂಸೊ, "ಇಳಿಸಿ ಕೆಳಗೆ" ಎಂದಳು.

"ಇದೇನು ಅತ್ತಿಗೆ, ಹತ್ತಿಸಿ ಆಯ್ತು ಅನ್ನೋವಾಗ?" ಎಂದ ಯಾಕುಮಿಸ್. ಸತ್ತ ಪ್ರೊಕೋಪಿಸನ ತಮ್ಮ, ದೋಣಿ ಅವನದೇ. ಗಾಳಿಗೆ ಮಾತು ಹಾರಿಹೋಗುತ್ತಿದ್ದುದರಿಂದ ಕೂಗಿಯೇ ಹೇಳಿದ.

"ಸಮುದ್ರ ನೋಡು."

"ನೋಡ್ದೆ. ಆಗಸ್ಟ್ ತಿಂಗಳಲ್ಲಿ ಸಮುದ್ರ ಹೀಗಲ್ದೆ ತಟ್ಟೇಲಿಟ್ಟ ಹಾಲಿನ ಥರ ಇರುತ್ತಾ?"

ಗ್ರೀಸಿನ ನಾಕ್ಸೊಸ್ ದ್ವೀಪದ ಬಂದರಿನಲ್ಲಿ ಮೂರು ದಿನದಿಂದ ಮೆಲ್ತೇಮಿ ಬೀಸುತ್ತಿತ್ತು. ಈ ಬಡಗಣ ಗಾಳಿಗೆ ಮಳೆಯಿಲ್ಲ, ಗುಡುಗಿಲ್ಲ. ಬಿಸಿಲು ತನ್ನ ಪಾಡಿಗೆ ಹೊಳೆಯುತ್ತಿರುತ್ತದೆ, ಕಡಲು ಮಾತ್ರ ಬೆಳ್ಳಗೆ ಕುದಿಯುತ್ತದೆ. ಬಂದರಿನವರು ದೊಡ್ಡ ಹಡಗನ್ನೇ ಬಿಟ್ಟಿರಲಿಲ್ಲ. ಅವರ ಕಣ್ಣು ತಪ್ಪಿಸಿ, ಮೀನುಗಾರರ ಹಿಂದಿನ ಕಟ್ಟೆಯಿಂದ ಅಣ್ಣನನ್ನು ಒಯ್ಯಬೇಕೆಂದು ಯಾಕುಮಿಸ್ ಹೊರಟಿದ್ದ.

ಪ್ರೊಕೋಪಿಸ್ ಹಿಂದಿನ ದಿನ ಇಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಅವನ ಪುಟ್ಟ ದ್ವೀಪ ಸ್ಕಿನಾರಿಯಲ್ಲಿ, ಅವನ ತಾಯಿಯ ಪಕ್ಕದಲ್ಲಿ, ಗುಂಡಿ ತೋಡಿ ಆಗಿತ್ತು. ಈ ಸೆಕೆಯಲ್ಲಿ ಇನ್ನೊಂದು ದಿನ ಇಡುವಂತಿಲ್ಲ. ಹೊತ್ತು ಮುಳುಗಿದ ಮೇಲೆ ಮಣ್ಣು ಮಾಡುವ ಪದ್ಧತಿಯೂ ಇಲ್ಲ.

"ನಾಲ್ಕು ಗಂಟೇವರೆಗೂ ನೋಡ್ತೀನಮ್ಮ," ಎಂದರು ಸ್ಕಿನಾರಿಯ ಪಾದ್ರಿ ಸವಾಸ್. ಅವರೂ ಗಾಳಿಗೆ ಸಿಕ್ಕಿ ಇಲ್ಲೇ ಉಳಿದಿದ್ದರು. "ಆಮೇಲೆ ಇಲ್ಲೇ ಎಲ್ಲಾದ್ರೂ ಜಾಗ ಕೇಳ್ಬೇಕಾಗುತ್ತೆ."

ತಾಯಿಯ ತೋಳು ಹಿಡಿದಳು ಮಗಳು ಅನೆಜಿನ. "ಗುರುತು ಪರಿಚಯ ಇಲ್ದೋರ ಮಧ್ಯೆ ಅಪ್ಪನ್ನ ಬಿಟ್ಟು ಹೋಗ್ತೀಯಾ? ಊರಿಗೆ ಕರ್ಕೊಂಡು ಹೋಗಿ ಅಂತ ಒಂದೇ ಮಾತು ಕೇಳಿದ್ದು ಅವರು."

"ಕರ್ಕೊಂಡು ಹೋಗಿ ಅಂದ್ರು. ಎಲ್ರೂ ಜೊತೇಲಿ ಮುಳುಗಿ ಅನ್ಲಿಲ್ಲ."

"ಬದುಕಿದ್ದಾಗ್ಲೂ ಮೊಲ, ಸತ್ತಾಗ್ಲೂ ಮೊಲ!" ಯಾಕುಮಿಸ್ ಹಗ್ಗ ಎಸೆದ. "ಮದ್ವೆಗೆ ತಡ, ಮಣ್ಣಿಗೂ ತಡ!"

ಪೆಟ್ಟಿಗೆ ಹೊತ್ತವರಿಗೆ ನಗು ತಡೆಯಲಾಗಲಿಲ್ಲ. ಮರೂಸೊ ಕೂಡ ಕಪ್ಪು ತಲೆವಸ್ತ್ರದ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡಳು.

*

ಎರಡು ದ್ವೀಪಗಳ ನಡುವೆ ಜನರನ್ನು, ಆಡುಗಳನ್ನು, ಸಿಮೆಂಟು ಚೀಲಗಳನ್ನು ಸಾಗಿಸುವುದೇ ಪ್ರೊಕೋಪಿಸನ ಬದುಕಾಗಿತ್ತು. ಮೊಲ ಎಂಬ ಅಡ್ಡಹೆಸರು ಬಿದ್ದದ್ದು ಅವನ ಮದುವೆಯ ದಿನ.

ಹೆಣ್ಣು ಸ್ಕಿನಾರಿಯಲ್ಲಿ, ನೆಂಟರನ್ನು ಕರೆತರಲು ಹೋದ ಗಂಡು ನಾಕ್ಸೊಸ್‌ನಲ್ಲಿ, ನಡುವೆ ಇಂಥದೇ ಗಾಳಿ. ಮೀಸೆ ಚಿಗುರುತ್ತಿದ್ದ ಯಾಕುಮಿಸ್ ಪಿಟೀಲಿನವನನ್ನೂ ನೆಂಟರನ್ನೂ ಇನ್ನೊಂದು ದೋಣಿಯಲ್ಲಿ ತುಂಬಿಕೊಂಡು ಬಂದುಬಿಟ್ಟ. ಎಲ್ಲರೂ ತೊಯ್ದು ತೊಪ್ಪೆಯಾಗಿ ಇಳಿದರು, ಕುರಿಮಾಂಸ ತಿಂದರು, ಮದುಮಗನಿಲ್ಲದೆ ಕುಣಿದರು. ಮರೂಸೊ ಬಿಳಿ ಉಡುಪಿನಲ್ಲಿ ಕುರ್ಚಿಯ ಮೇಲೆ ಕೂತೇ ಇದ್ದಳು.

ಅವನು ಬಂದದ್ದು ಗಾಳಿ ಸತ್ತ ಮೇಲೆ. ಮಾವ ಬಾಗಿಲು ತೆರೆಯಲಿಲ್ಲ. ಮರೂಸೊ ಕಿಟಕಿಯಿಂದ ಕೇಳಿದಳು:

"ಹೆದರ್ಕೊಂಡ್ಯಾ?"

"ಹೂಂ, ಹೆದರ್ದೆ."

"ಬೇರೆಯೋರೆಲ್ಲ ಬಂದ್ರಲ್ಲ. ಏನೂ ಆಗ್ಲಿಲ್ವಲ್ಲ."

"ಆಗ್ಲಿಲ್ಲ, ಒಳ್ಳೇದಾಯ್ತು." ಟೋಪಿ ಕೈಯಲ್ಲಿ ತಿರುಗಿಸುತ್ತ ನಿಂತ. "ನಿನ್ನ ಕಾಯಿಸ್ದೆ. ಇನ್ಮುಂದೂ ಕಾಯಿಸ್ತೀನಿ. ಆದ್ರೆ ಬರ್ತೀನಿ."

ಬಾಗಿಲನ್ನು ಅವಳೇ ತೆರೆದಳು.

ಆಮೇಲಿನ ವರ್ಷಗಳಲ್ಲಿ ಗಾಳಿ ಎದ್ದಾಗ ಬೇರೆ ಹೆಂಗಸರು ಎದೆ ಹಿಡಿದುಕೊಂಡು ದಡಕ್ಕೆ ಓಡುತ್ತಿದ್ದರು. ಮರೂಸೊ ಹಿಟ್ಟು ನಾದುತ್ತಿದ್ದಳು. ಗಂಡ ಆಚೆ ದಡದಲ್ಲಿ ದೋಣಿ ಕಟ್ಟಿ ಕಾಫಿ ಕುಡಿಯುತ್ತಿರುತ್ತಾನೆಂದು ಅವಳಿಗೆ ಗೊತ್ತಿತ್ತು. ಇದನ್ನು ಅವಳು ಯಾರಿಗೂ ಹೇಳಿಕೊಳ್ಳಲಿಲ್ಲ. ಕಣ್ಣು ಬಿದ್ದೀತು ಎಂದುಕೊಂಡಳು.

*

ಪೆಟ್ಟಿಗೆಯನ್ನು ದೋಣಿಮನೆಯ ಗೋಡೆಯ ನೆರಳಿಗೆ ತಂದಿಟ್ಟರು. ನಾಲ್ಕು ದಾಟಿತು. ಪಾದ್ರಿ ಎದ್ದು, ಗುದ್ದಲಿ ಕೊಟ್ಟು ಒಬ್ಬನನ್ನು ಇಲ್ಲಿಯ ಸ್ಮಶಾನದತ್ತ ಕಳಿಸಿದರು. ತಾಯಿಗೆ ಬೆನ್ನು ಹಾಕಿ ಕೂತಳು ಅನೆಜಿನ.

ಗಾಳಿ ಇಳಿಯುತ್ತದೆಂಬ ಧೈರ್ಯ ಮರೂಸೊಗೂ ಇರಲಿಲ್ಲ. ಗಾಳಿಯ ವಿಷಯದಲ್ಲಿ ಪ್ರೊಕೋಪಿಸ್ ತಪ್ಪಿದ್ದೂ ಉಂಟು. ಸಂಜೆಗೆ ಇಳಿಯುತ್ತದೆ ಎಂದದ್ದು ಐದು ದಿನ ಬೀಸಿದ್ದೂ ಉಂಟು. ಪೆಟ್ಟಿಗೆಯ ಕಡೆ ಬಗ್ಗಿ ಮೆಲ್ಲಗೆ ಹೇಳಿದಳು: "ನಿನ್ನ ಹಾಗೇ ಕಾಯ್ತಾ ಕೂತಿದೀನಿ. ಮಗಳ ಮುಂದೆ ನನ್ನ ಸಣ್ಣೋಳು ಮಾಡ್ಬೇಡ."

ದೋಣಿಗಳ ಕಂಬಕ್ಕೆ ಹಗ್ಗಗಳು ಬಡಿಯುವ ಟಣ್ ಟಣ್ ಸದ್ದು ಮೂರು ದಿನದಿಂದ ನಿಂತಿರಲಿಲ್ಲ. ಕಿವಿಗೆ ಒಗ್ಗಿಹೋಗಿ ಯಾರಿಗೂ ಕೇಳಿಸುತ್ತಲೂ ಇರಲಿಲ್ಲ. ಅದು ನಿಂತಾಗ ಎಲ್ಲರೂ ಒಟ್ಟಿಗೆ ತಲೆಯೆತ್ತಿದರು.

ಒಂದಿಷ್ಟು ಹೊತ್ತು ಯಾರೂ ಅಲುಗಾಡಲಿಲ್ಲ, ನಂಬಿದರೆ ಮತ್ತೆ ಶುರುವಾದೀತೇನೋ ಎಂಬಂತೆ. ಬಂದರಿನಿಂದ ಚಿಕ್ಕ ದೋಣಿಗಳಿಗೆ ಅಪ್ಪಣೆ ಸಿಕ್ಕಿತೆಂಬ ಸುದ್ದಿ ಬಂತು. ಪಾದ್ರಿ ಬೆಳಗಿನಿಂದ ಒತ್ತಿಹಿಡಿದಿದ್ದ ತಮ್ಮ ಟೋಪಿಯಿಂದ ಕೈ ತೆಗೆದರು.

"ಆ ಗುದ್ದಲಿಯೋನನ್ನ ವಾಪಸ್ ಕರೀರೋ!" ಎಂದು ಕೂಗಿದರು. "ಏಳ್ರಿ, ಏಳ್ರಿ!"

ಅನೆಜಿನ ಅಳುತ್ತಲೇ ನಕ್ಕು ತಾಯಿಯ ಹೆಗಲಿಗೆ ಹಣೆ ಒರಗಿಸಿದಳು.

ನಡುಗಡಲಿನಲ್ಲಿ ಹಳೆಯ ಅಲೆಗಳು ಇನ್ನೂ ಉರುಳುತ್ತಿದ್ದವು, ಆದರೆ ಹಲ್ಲು ಕಿತ್ತ ನಾಯಿಗಳ ಹಾಗೆ. ಯಾಕುಮಿಸ್ ಎಂಜಿನ್ನಿನ ವೇಗ ತಗ್ಗಿಸಿಕೊಂಡೇ ನಡೆಸುತ್ತಿದ್ದ.

"ಏನಪ್ಪ ಯಾಕುಮಿ, ಇಷ್ಟು ನಿಧಾನ? ಹೆದರಿಕೇನಾ?"

"ಸುಮ್ನಿರಿ ಅತ್ತಿಗೆ," ಎಂದ ಅವನು, ಮುಖ ತಿರುಗಿಸದೆ. "ಅಣ್ಣ ಮಲಗಿದಾನೆ."

ಸ್ಕಿನಾರಿಯ ಗುಡ್ಡದ ಮೇಲೆ ಬಿಸಿಲು ಇನ್ನೂ ಇತ್ತು. ಇಗರ್ಜಿಯ ಗಂಟೆ ಹೊಡೆಯತೊಡಗಿತು. ಕಟ್ಟೆಯ ಮೇಲೆ ಊರಿನ ಹೆಂಗಸರು ಸಾಲಾಗಿ ನಿಂತಿದ್ದರು. ಆಗಸ್ಟ್‌ನಲ್ಲಿ ಯಾಕುಮಿಸನ ದೋಣಿಯಲ್ಲಿ ಬಂದವರು ಒದ್ದೆಯಾಗದೆ ಇಳಿದದ್ದನ್ನು ಅವರು ಕಂಡಿರಲಿಲ್ಲ. ಹಾಗಾಗಿ ಅಭ್ಯಾಸದಂತೆ ಪ್ರತಿಯೊಬ್ಬಳೂ ಮನೆಯಿಂದ ಒಂದೊಂದು ಟವೆಲು ತಂದಿದ್ದಳು.

ಪೆಟ್ಟಿಗೆ ಕೈಯಿಂದ ಕೈಗೆ ಸಾಗಿ ಕಲ್ಲಿನ ಮೇಲೆ ಇಳಿಯಿತು. ಪಾದ್ರಿ ಇಳಿದರು, ಅನೆಜಿನ ಇಳಿದಳು. ಕೊನೆಗೆ ಮರೂಸೊ. ನೆರೆಮನೆಯ ಫ್ಲೋರಾ ಓಡಿಬಂದು ಟವೆಲು ಚಾಚಿದಳು.

ಮರೂಸೊ ಅದನ್ನು ತೆಗೆದುಕೊಂಡು, ಬಗ್ಗಿ ಪೆಟ್ಟಿಗೆಯ ಮುಚ್ಚಳವನ್ನು ಈ ತುದಿಯಿಂದ ಆ ತುದಿಯವರೆಗೆ ಒರೆಸಿದಳು. ಆಮೇಲೆ ಟವೆಲನ್ನು ಕೆನ್ನೆಗೆ ಒತ್ತಿ ನೋಡಿದಳು. ಒಂದು ಹನಿಯೂ ಅಂಟದೆ ಗರಿಗರಿಯಾಗಿಯೇ ಇತ್ತು. ಇದ್ದ ಮಡಿಕೆಯಲ್ಲೇ ಮತ್ತೆ ಮಡಿಸಿ ಫ್ಲೋರಾಳ ಕೈಗಿಟ್ಟಳು.